ಕೌಂಟರಿನಿಂದ ಕನ್ಫರ್ಮ್ಡ್

ಅವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕನ್ಫರ್ಮ್ ಸಿಸ್ಟರ್ ಅಂತ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ, ಎಲ್ಲ ಬೆನ್ನ ಹಿಂದೆ. ಆದರೆ ಮೈಯೆಲ್ಲ ಕಿವಿಯಾಗಿದ್ದ ಹೆಂಗಸಿಗೆ ಬೆನ್ನ ಹಿಂದೆ ಅನ್ನುವುದೇ ಇರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಳು, ಮೂಗಿನ ತುದಿಯಲ್ಲಿ ಸದಾ ಕೂತಿರುತ್ತಿದ್ದ ಸಿಟ್ಟನ್ನು ಹೇಗೋ ಅದುಮಿಕೊಂಡು ಮುಂದೆ ಹೋಗುತ್ತಿದ್ದಳು. ಆ ಹೆಸರಿನ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಆಪರೇಷನ್ ಆದ ಹೆಂಗಸರನ್ನು ಮಲಗಿಸುವ ವಾರ್ಡಿಗೆ ಅವಳು ಇನ್‌ಚಾರ್ಜ್. ಅಲ್ಲಿ ರೋಗಿಗೆ ರಕ್ತ ಕೊಡಬೇಕಾದರೆ ಒಬ್ಬ ಸಿಸ್ಟರ್ ಸಾಲದು, ಇಬ್ಬರು ಬೇಕು. ಒಬ್ಬಳು ರಕ್ತದ ಚೀಲದ ಮೇಲಿನ ಹೆಸರು, ಗುಂಪು, ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಇನ್ನೊಬ್ಬಳು ರೋಗಿಯ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದನ್ನೂ ಹೋಲಿಸಿ ನೋಡಿ, ಸರಿಯಿದ್ದರೆ ‘ಕನ್ಫರ್ಮ್ಡ್’ ಅನ್ನಬೇಕು. ಆಮೇಲೇ ಕೊಳವೆ ಜೋಡಿಸುವುದು, ಚಾರ್ಟಿನಲ್ಲಿ ‘ವೆರಿಫೈಡ್’ ಅಂತ ಬರೆದು ಇಬ್ಬರೂ ಸಹಿ ಹಾಕುವುದು. ಕೇಳುವುದಕ್ಕೆ ಇಷ್ಟೇ.

ಇಷ್ಟನ್ನೇ ಕಲಿಯುವುದಕ್ಕೆ ಅವಳು ಕಿವಿ ಹಿಂಡಿಸಿಕೊಂಡಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹಾಸಿಗೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತು, ಕೈಯಲ್ಲಿ ಬೆಡ್‌ಶೀಟ್ ಮಡಿಸುತ್ತಾ ‘ಕನ್ಫರ್ಮ್ಡ್’ ಅಂದುಬಿಟ್ಟಿದ್ದಳು. ಆಗಿನ ಇನ್‌ಚಾರ್ಜ್, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್, ರೋಗಿಯ ಮುಂದೆಯೇ ಅವಳ ಕಿವಿ ಹಿಡಿದು ಹಾಸಿಗೆಯ ಪಕ್ಕಕ್ಕೆ ಎಳೆದು ತಂದಿದ್ದಳು. “ಕಾಲು, ಕಣ್ಣು, ಬಾಯಿ ಮೂರೂ ಒಂದೇ ಕಡೆ ಇರ್ಬೇಕು ಕಣೇ. ಕಾಲು ಹೋಗದೆ ಇರೋ ಕಡೆ ಬಾಯಿ ಕಳಿಸ್ಬೇಡ. ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ. ನೀನು ಕಾಣೋದೇ ಬೇಡ ಅಂತೀಯಲ್ಲ!” ಅಂದಿದ್ದಳು. ಕಿವಿಯ ಉರಿ ಅವತ್ತೇ ಹೋಯಿತು, ಮಾತು ಹೋಗಲಿಲ್ಲ.

ಆ ಪಾಠ ಆಸ್ಪತ್ರೆಯಲ್ಲಿ ಮುಗಿಯದೆ ಮನೆಗೂ ಬಂತು. ಬೀಗ ಹಾಕುವ ಮೊದಲು ಗ್ಯಾಸ್ ಆರಿಸಿದ್ದಾರಾ, ನಲ್ಲಿ ನಿಲ್ಲಿಸಿದ್ದಾರಾ ಅಂತ ಒಂದೊಂದಾಗಿ ಕೇಳುತ್ತಿದ್ದಳು. ಗಂಡ ಬಚ್ಚಲಿನಿಂದಲೇ “ಕನ್ಫರ್ಮ್ಡ್!” ಅನ್ನುತ್ತಿದ್ದ. ವರಾಂಡದ ಕುರ್ಚಿಯಲ್ಲಿ ಕೂತ ಅತ್ತೆ, ಇಂಗ್ಲಿಷು ಅಂದರೆ ಏನು ಎತ್ತ ಎಂದು ಗೊತ್ತಿಲ್ಲದ ಮುದುಕಿ, ಅವರೂ ಹಲ್ಲಿಲ್ಲದ ಬಾಯಲ್ಲಿ “ಕನ್‌ಪಾರಂ!” ಅಂತ ಕೂಗುತ್ತಿದ್ದರು. ಎಲ್ಲರಿಗೂ ನಗು. ಹೋಗಿ ನೋಡಿದರೆ ಹಾಲು ಉಕ್ಕಿ ಹರಿದು, ಪಾತ್ರೆ ತಳ ಹಿಡಿದು, ಅಡುಗೆಮನೆಯೆಲ್ಲ ಹೊಗೆ. ಆಗ ಅವಳು ಆಡುತ್ತಿದ್ದ ಮಾತುಗಳನ್ನು ಬರೆಯುವ ಹಾಗಿಲ್ಲ. ಗಂಡ ಬಸ್ ಕಂಡಕ್ಟರ್ ಆಗಿದ್ದವನು, ಬೈಗುಳ ಹೊಸದಲ್ಲ, ಸುಮ್ಮನೆ ಪಾತ್ರೆ ತಿಕ್ಕಲು ಕೂರುತ್ತಿದ್ದ.

ಈಗ ಅವಳ ನಾದಿನಿಯ ಮಾತು. ಗಂಡನ ಒಬ್ಬಳೇ ತಂಗಿ, ಅತ್ತೆಯ ಕಣ್ಣಮಣಿ. ಓದು ಮುಗಿಸಿ ಏನು ಮಾಡಲಿ ಅಂತ ಕೂತಿದ್ದವಳನ್ನು ನರ್ಸಿಂಗಿಗೆ ಸೇರಿಸಿದ್ದು ಅತ್ತಿಗೆಯೇ. ಕೈ ಹಿಡಿದು ನರ ಹುಡುಕುವುದನ್ನು, ನೋಯಿಸದೆ ಸೂಜಿ ಚುಚ್ಚುವುದನ್ನು, ಸಾಯುವವರ ಪಕ್ಕದಲ್ಲಿ ಸುಮ್ಮನೆ ಕೂರುವುದನ್ನು ಕಲಿಸಿದ್ದೂ ಅವಳೇ. ಹುಡುಗಿ ಚುರುಕು, ನಗುಮೊಗ, ಕೆಲಸದಲ್ಲಿ ಗಾಳಿಯ ಹಾಗೆ. ಅತ್ತಿಗೆ ಇನ್‌ಚಾರ್ಜ್ ಆದಾಗ ನಾದಿನಿ ಅದೇ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಆಗಿದ್ದಳು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಅನ್ನುವವರು ಇವರಿಬ್ಬರನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ವಾರ್ಡು ಮಾತ್ರ ಬದಲಾಗುತ್ತಾ ಬಂತು. ಹಾಸಿಗೆಗಳು ಹೆಚ್ಚಿದವು, ಸಿಸ್ಟರ್‌ಗಳು ಕಡಿಮೆಯಾದರು. ಒಬ್ಬಳು ಹಾಸಿಗೆಯ ಬಳಿ ನಿಂತು ಓದಿದರೆ ಇನ್ನೊಬ್ಬಳು ಮೂರನೇ ಹಾಸಿಗೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಾ ‘ಕನ್ಫರ್ಮ್ಡ್’ ಅನ್ನತೊಡಗಿದಳು. ಆಮೇಲೆ ಬಾಗಿಲಿನಿಂದ ಅಂದರು. ಕೊನೆಗೆ ಫೋನು, ಫೈಲು ಇರುವ ಕೌಂಟರಿನಿಂದಲೇ ಕೂಗತೊಡಗಿದರು. ಅಲ್ಲಿಂದ ಓದುವುದು, ಇಲ್ಲಿಂದ ಕೂಗುವುದು, ನಡುವೆ ಅಷ್ಟುದ್ದ ವಾರ್ಡು. ಇನ್‌ಚಾರ್ಜ್ ಮೊದಮೊದಲು ರೇಗಿದಳು. ಅವಳು ಎದುರಿಗಿದ್ದಾಗ ಎಲ್ಲರೂ ಓಡಿ ಹಾಸಿಗೆಯ ಬಳಿ ನಿಲ್ಲುತ್ತಿದ್ದರು, ತಿರುಗಿದ ಕೂಡಲೇ ಮತ್ತೆ ಅದೇ ರಾಗ. ದಿನಾ ಎಷ್ಟು ಅಂತ ರೇಗುವುದು? ತನ್ನ ಕೋಣೆಯಲ್ಲಿ ಕೂತು ಡ್ಯೂಟಿ ಪಟ್ಟಿ ಬರೆಯುವಾಗ ಆ ಕೂಗು ಕಿವಿಗೆ ಬೀಳುತ್ತಿತ್ತು. ಬಿದ್ದು ಬಿದ್ದು ಅದು ಫ್ಯಾನಿನ ಸದ್ದಿನಂತೆ ಆಗಿಹೋಯಿತು.

ಆ ವಾರ್ಡಿನಲ್ಲಿ ಇನ್ನೊಂದು ಅಭ್ಯಾಸವಿತ್ತು. ರೋಗಿಗಳನ್ನು ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ, ಹಾಸಿಗೆಯಿಂದ ಕರೆಯುತ್ತಿದ್ದರು. ಕಿಟಕಿ ಬೆಡ್ಡಿಗೆ ಜ್ವರ, ಬಾಗಿಲು ಬೆಡ್ಡಿಗೆ ಊಟ ಬೇಡವಂತೆ, ಕಂಬದ ಬೆಡ್ಡು ಮನೆಗೆ ಹೊರಟಿತು. ಕೆಲಸ ಸಲೀಸು. ಹೆಸರು ನೆನಪಿಡುವ ತಂಟೆಯಿಲ್ಲ.

ಅವತ್ತು ಬೆಳಗ್ಗೆ ಬಾಗಿಲು ಬೆಡ್ಡಿನಲ್ಲಿದ್ದ ಹೆಂಗಸು, ಮಾರ್ಕೆಟ್ಟಿನಲ್ಲಿ ಮೊಟ್ಟೆ ಅಂಗಡಿ ಇಟ್ಟುಕೊಂಡಿದ್ದವಳು, “ಸಿಸ್ಟರ್, ಇಲ್ಲಿ ಉಸಿರು ಕಟ್ಟುತ್ತೆ, ಸ್ವಲ್ಪ ಗಾಳಿ ಬರೋ ಕಡೆ ಹಾಕ್ತೀರಾ?” ಅಂತ ಕೇಳಿಕೊಂಡಳು. ಕಿಟಕಿ ಬೆಡ್ಡಿನಲ್ಲಿದ್ದ ಮುದುಕಿಗೆ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಇನ್‌ಚಾರ್ಜ್ ಇಬ್ಬರನ್ನೂ ಕೇಳಿ ಅದಲು ಬದಲು ಮಾಡಿಸಿದಳು. ಮಧ್ಯಾಹ್ನ ಮುದುಕಿಗೆ ಅಂತ ರಕ್ತದ ಚೀಲ ಬಂತು. ಇನ್‌ಚಾರ್ಜ್ ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದಳು. ಕೌಂಟರಿನಲ್ಲಿ ಇದ್ದದ್ದು ನಾದಿನಿ. ಚೀಲ ಹಿಡಿದದ್ದು ಹೊಸದಾಗಿ, ಹಂಗಾಮಿಯಾಗಿ ಸೇರಿದ್ದ ಕಿರಿಯ ಸಿಸ್ಟರ್. “ಇದು ಯಾರಿಗೆ?” ಅಂತ ಕೇಳಿದಳು. “ಕಿಟಕಿ ಬೆಡ್ಡಿಗೆ,” ಅಂದಳು ನಾದಿನಿ. ನಿನ್ನೆಯ ಲೆಕ್ಕದಲ್ಲಿ ಸರಿಯೇ. ಕಿರಿಯಳು ಕಿಟಕಿಯ ಬಳಿ ನಿಂತು ಚೀಲದ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿದಳು. ನಾದಿನಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮುಂದಿದ್ದ ಕಾಗದದಲ್ಲಿ ಅದೇ ಹೆಸರು ಇರುವುದನ್ನು ನೋಡಿ, “ಕನ್ಫರ್ಮ್ಡ್!” ಅಂತ ಕೂಗಿದಳು.

ಚೀಲ ಸರಿ, ಕಾಗದ ಸರಿ, ಹೆಸರು ಸರಿ. ಹಾಸಿಗೆಯ ಮೇಲೆ ಮಲಗಿದ್ದ ಹೆಂಗಸು ಮಾತ್ರ ಬೇರೆ, ಅವಳ ರಕ್ತದ ಗುಂಪೂ ಬೇರೆ.

ಮೊಟ್ಟೆ ಅಂಗಡಿಯವಳಿಗೆ ಸ್ವಲ್ಪ ಹೊತ್ತಿಗೆ ನಡುಕ ಶುರುವಾಯಿತು. ಸೊಂಟ ಮುರಿದಂತೆ ನೋವು, ಮಂಚವೇ ಅದುರುವಷ್ಟು ಚಳಿ. ಮಹಡಿಯಿಂದ ಇಳಿದು ಬಂದ ಇನ್‌ಚಾರ್ಜ್ ಬಾಗಿಲಿನಿಂದಲೇ ಆ ಮುಖ ನೋಡಿದಳು, ಓಡಿಬಂದು ಕೊಳವೆ ಕಿತ್ತಳು, ಮಣಿಕಟ್ಟು ತಿರುಗಿಸಿ ಪಟ್ಟಿ ಓದಿದಳು. ಅವಳು ಅವತ್ತು ಹಾಕಿದ ಕೂಗು ಪಕ್ಕದ ವಾರ್ಡಿನವರಿಗೂ ಕೇಳಿಸಿತಂತೆ. ಡಾಕ್ಟರುಗಳು ಬಂದರು, ಜೀವ ಉಳಿಯಿತು. ಆದರೆ ಮೂತ್ರಪಿಂಡ ಕೈಕೊಟ್ಟಿತು. ಹೊಟ್ಟೆಯ ಸಣ್ಣ ಆಪರೇಷನ್ನಿಗೆ ಬಂದಿದ್ದವಳನ್ನು ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕಟ್ಟಿ ಹಾಕಿದರು.

ಮಾತಾಡುವಷ್ಟು ತ್ರಾಣ ಬಂದ ಮೇಲೆ ಅವಳು ಇನ್‌ಚಾರ್ಜನ್ನು ಕೇಳಿದ್ದು ಒಂದೇ ಮಾತು. “ಸಿಸ್ಟರ್, ನನ್ನ ಕೈಲಿ ಪಟ್ಟಿ ಇತ್ತಲ್ಲ. ಅದನ್ನ ಯಾರೂ ಓದ್ಲೇ ಇಲ್ವಾ?”

ಕನ್ಫರ್ಮ್ ಸಿಸ್ಟರ್ ಅವಳ ಹೊದಿಕೆ ಸರಿ ಮಾಡಿದಳು. ಹೊರಗೆ ಬಂದು ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಅಲ್ಲಿ ಅಳುತ್ತಾ ಕೂತಿದ್ದ ಕಿರಿಯ ಸಿಸ್ಟರನ್ನು ಹಿಡಿದು ಝಾಡಿಸಿದಳು. “ಓದೋಕೆ ಬರುತ್ತೆ ತಾನೆ ನಿಂಗೆ? ಚೀಲ ಓದ್ದೆ, ಕೈ ಯಾಕೆ ಓದ್ಲಿಲ್ಲ? ಅವಳ ಹೆಸರು ಕೇಳಿದ್ರೆ ನಿನ್ನ ಬಾಯಿ ಸವೀತಿತ್ತಾ?”

ಹುಡುಗಿ ಬಿಕ್ಕುತ್ತಾ ಅಂದಳು. “ಹಿರಿಯ ಸಿಸ್ಟರ್ ಕನ್ಫರ್ಮ್ಡ್ ಅಂದ್ರು ಮೇಡಂ. ಅವರು ಅಂದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ. ನಂಗೆ ಇಲ್ಲಿ ಹಾಗೇ ಕಲ್ಸಿದ್ದು.”

ಹಾಗೇ ಕಲಿಸಿದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ವಿದ್ಯೆ. ಇನ್‌ಚಾರ್ಜಿನ ಸಿಟ್ಟು ಅಲ್ಲಿಗೆ ನಿಂತು ದಿಕ್ಕು ಬದಲಾಯಿಸಿತು. ಅಲ್ಲಿಂದ ಮುಂದೆ ಅದು ಹುಡುಗಿಯ ಮೇಲೆ ಬರಲಿಲ್ಲ.

ಆಸ್ಪತ್ರೆಗೆ ಗುಣಮಟ್ಟದ ತಪಾಸಣೆಯವರು ಬರುವವರಿದ್ದರು. ಅದಕ್ಕೆ ಮೊದಲು ಈ ಗಲಾಟೆ ಮುಗಿಯಬೇಕಿತ್ತು. ಆಡಳಿತಾಧಿಕಾರಿ ಇನ್‌ಚಾರ್ಜನ್ನು ಕರೆಸಿ, ಕುರ್ಚಿ ಕೊಟ್ಟು, ಟೀ ತರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು ಅವನದು. “ನೋಡಿ ಸಿಸ್ಟರ್, ಎನ್‌ಕ್ವೈರಿ ಕಮಿಟಿ ಎಲ್ಲ ವೆರಿಫೈ ಮಾಡಿದೆ. ನೀವು ವಾರ್ಡಿನ ಹೆಡ್ಡು, ಜಸ್ಟ್ ಸರ್ಟಿಫೈ ಮಾಡಿದ್ರೆ ಸಾಕು. ನಾವು ವ್ಯಾಲಿಡೇಟ್ ಮಾಡಿ ಕಳಿಸ್ತೀವಿ, ಮೇಲಿನವರು ಅಪ್ರೂವ್ ಮಾಡ್ತಾರೆ. ಮುಗೀತು.”

ಅವನು ಮುಂದೆ ತಳ್ಳಿದ ಇಂಗ್ಲಿಷ್ ಹೇಳಿಕೆಯ ತಾತ್ಪರ್ಯ ಇಷ್ಟು. ಇಬ್ಬರೂ ಸಿಸ್ಟರುಗಳು ಹಾಸಿಗೆಯ ಬಳಿಯೇ ಇದ್ದು ಪಟ್ಟಿ ನೋಡಿ ವೆರಿಫೈ ಮಾಡಿದ್ದರು. ಆಮೇಲೆ ಕಿರಿಯ ಸಿಸ್ಟರ್ ತನ್ನ ಬೇಜವಾಬ್ದಾರಿಯಿಂದ ಬೇರೆ ಚೀಲ ತಂದು ಹಾಕಿದಳು. ಇದನ್ನು ವಾರ್ಡಿನ ಇನ್‌ಚಾರ್ಜ್ ಆಗಿ ನಾನು ಸರ್ಟಿಫೈ ಮಾಡುತ್ತೇನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಾಯುವ ಹಾವು ಯಾವುದು ಅಂದರೆ ಆ ಹಂಗಾಮಿ ಹುಡುಗಿ. ಅವಳ ನೌಕರಿಯಷ್ಟೇ ಅಲ್ಲ, ನರ್ಸಿಂಗ್ ನೋಂದಣಿಯೂ ಹೋಗಿ, ಇನ್ನು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತದಂತೆ ಆಗುತ್ತಿತ್ತು.

“ಇದು ಸುಳ್ಳು ಸಾರ್,” ಅಂದಳು ಇನ್‌ಚಾರ್ಜ್.

“ಸುಳ್ಳು ಅಂತ ಯಾಕಂತೀರಿ? ಚಾರ್ಟಲ್ಲಿ ವೆರಿಫೈಡ್ ಅಂತಿದೆ, ಇಬ್ಬರ ಸಹಿ ಇದೆ. ಇರೋದನ್ನೇ ನೀವು ಕನ್ಫರ್ಮ್ ಮಾಡ್ತಿದೀರಿ. ಅದೂ ಅಲ್ದೆ...” ಅವನು ದನಿ ಇಳಿಸಿದ. “ಇಲ್ಲದಿದ್ರೆ ನಿಮ್ಮ ನಾದಿನಿ ಹೆಸರೇ ಬರುತ್ತೆ. ಯೋಚನೆ ಮಾಡಿ.”

ಟೀ ಮುಟ್ಟದೆ ಎದ್ದು ಬಂದಳು. ಮೆಟ್ಟಿಲಿಳಿಯುವಾಗ ಮೈ ಉರಿಯುತ್ತಿತ್ತು. ವೆರಿಫೈ, ಸರ್ಟಿಫೈ, ವ್ಯಾಲಿಡೇಟ್, ಅಪ್ರೂವ್! ಒಂದರ ಹೆಗಲ ಮೇಲೆ ಇನ್ನೊಂದು ಕೂತಿದೆ, ಎಲ್ಲಕ್ಕಿಂತ ಕೆಳಗಿರುವವನು ನೆಲದ ಮೇಲೆ ನಿಂತಿದ್ದಾನಾ ಅಂತ ನೋಡಿದವರಿಲ್ಲ. ಇದನ್ನೇ ಮನೆಮಾತಿನಲ್ಲಿ ಹೇಳಲಿ ನೋಡೋಣ. ‘ನಾನು ಹೋಗಿದ್ದೆ, ನನ್ನ ಕಣ್ಣಾರೆ ನೋಡಿದೆ’ ಅಂತ ಹೇಳಬೇಕು. ಸುಳ್ಳಾದರೆ ನಾಲಿಗೆ ತಡವರಿಸುತ್ತದೆ, ಮುಖ ಕಪ್ಪಿಡುತ್ತದೆ. ಇಂಗ್ಲಿಷಿನ ಆ ಒಂದು ಪದಕ್ಕೆ ಮಾತ್ರ ಕಾಲೂ ಬೇಡ, ಕಣ್ಣೂ ಬೇಡ, ನೋಡಿದವರು ಯಾರು ಅನ್ನುವುದೂ ಬೇಡ. ವೆರಿಫೈಡ್ ಅಂದರೆ ಆಯಿತು. ಯಾರು? ಗೊತ್ತಿಲ್ಲ. ಯಾವಾಗ? ಗೊತ್ತಿಲ್ಲ. ಆಗಿದೆ, ಅಷ್ಟೇ. ಭಾಷೆಯ ತಪ್ಪು ಅಂತಲ್ಲ, ಪಾಪ, ಆ ಭಾಷೆಯವರೂ ನೋಡಿಯೇ ಹೇಳುತ್ತಿರಬಹುದು. ನಮ್ಮವರಿಗೆ ಅದು ಬಚ್ಚಿಟ್ಟುಕೊಳ್ಳುವ ಮೂಲೆಯಾಗಿದೆ.

ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ನಾದಿನಿ ಅತ್ತೆಯ ಕಾಲ ಬಳಿ ಕೂತಿದ್ದಳು, ಅತ್ತು ಮುಖ ಊದಿತ್ತು. ಗಂಡ ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಅತ್ತೆಯೇ ಶುರು ಮಾಡಿದರು. “ನೋಡಮ್ಮ, ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತಾರೆ. ಮನೆ ಮಗಳನ್ನ ಬೀದಿಗೆ ತರಬೇಡ. ಒಂದು ಸಹಿ ಹಾಕ್ಬಿಡು. ಆ ಹುಡುಗಿ ಚಿಕ್ಕವಳು, ಬೇರೆ ಏನೋ ಕೆಲಸ ಮಾಡ್ಕೋತಾಳೆ.”

“ಅವಳೂ ಯಾರದ್ದೋ ಮನೆ ಮಗಳೇ ಅತ್ತೆ.”

“ಇವಳೇನು ಬೇಕೂಂತ ಮಾಡಿದ್ಲಾ?” ಗಂಡ ತಿರುಗಿದ. “ಒಬ್ಬಳೇ ಎಷ್ಟು ಕಡೆ ಅಂತ ಓಡ್ತಾಳೆ? ಏನೋ ಅಭ್ಯಾಸ ಬಲದಲ್ಲಿ ಕೂಗಿದ್ಲು.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. “ಅಭ್ಯಾಸಾನಾ? ರೀ, ನೀವು ಅಷ್ಟು ವರ್ಷ ಬಸ್ಸಲ್ಲಿದ್ರಲ್ಲ, ಬಾಗಿಲ ಕಡೆ ನೋಡದೆ ಒಂದು ದಿನ ಆದ್ರೂ ಸೀಟಿ ಊದಿದೀರಾ? ಹೇಳಿ. ಬಸ್ಸು ಕಿಕ್ಕಿರಿದು, ಉಸಿರಾಡೋಕೂ ಜಾಗ ಇಲ್ದೆ, ಜನ ಬಾಯಿಗೆ ಬಂದ ಹಾಗೆ ಬೈತಿದ್ದಾಗಲೂ, ಮೆಟ್ಟಿಲ ಮೇಲೆ ಯಾರದ್ದಾದ್ರೂ ಕಾಲಿದ್ಯಾ ಅಂತ ಬಗ್ಗಿ ನೋಡದೆ ಊದಿದೀರಾ?”

ಗಂಡ ಮತ್ತೆ ಕಿಟಕಿಯ ಕಡೆ ತಿರುಗಿದ. ಊದಿರಲಿಲ್ಲ. ಅದೊಂದು ಅವನ ಹೆಮ್ಮೆಯಾಗಿತ್ತು, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ಅದೇ ಅವನಿಗೆ ಅಡ್ಡ ಬಂತು.

“ಅತ್ತಿಗೆ,” ಅಂದಳು ನಾದಿನಿ, “ನಂಗೆ ಹೊತ್ತಿರಲಿಲ್ಲ. ನಿಜವಾಗ್ಲೂ ಹೊತ್ತಿರಲಿಲ್ಲ. ನೀವೂ ಇದ್ದೀರಲ್ಲ ಆ ವಾರ್ಡಲ್ಲಿ, ನಿಮಗೆ ಗೊತ್ತಿಲ್ವಾ?”

“ಗೊತ್ತು. ಅತ್ತೆ ಸೊಂಟ ಮುರ್ಕೊಂಡು ಅದೇ ವಾರ್ಡಲ್ಲಿ ಮಲಗಿದ್ರಲ್ಲ, ಅವರಿಗೂ ರಕ್ತ ಕೊಟ್ವಿ. ಆವತ್ತೂ ವಾರ್ಡು ತುಂಬಿ ತುಳುಕ್ತಿತ್ತು. ಆವತ್ತೂ ಎರಡನೇ ಸಿಸ್ಟರ್ ನೀನೇ. ಕೌಂಟರಿಂದ ಕೂಗಿದ್ಯಾ?”

ನಾದಿನಿ ತಲೆ ತಗ್ಗಿಸಿದಳು.

“ಕೂಗ್ಲಿಲ್ಲ. ಫೋನು ಬಡ್ಕೋತಾ ಇದ್ರೂ ಬಿಟ್ಟು ಬಂದೆ. ಅಮ್ಮನ ಕೈ ತೊಡೆ ಮೇಲಿಟ್ಕೊಂಡು ಪಟ್ಟಿ ಮೇಲಿನ ಒಂದೊಂದು ಅಕ್ಷರಾನೂ ಬೆರಳಿಟ್ಟು ಓದ್ದೆ. ಒಂದು ಸಲ ಅಲ್ಲ, ಎರಡೆರಡು ಸಲ. ನಾನು ಪಕ್ಕದಲ್ಲೇ ಇದ್ದೆ, ನೋಡಿದೀನಿ. ನಿನ್ನ ತಾಯಿ ಆದ್ರೆ ಕಾಲು ಬರುತ್ತೆ, ಬೇರೆಯವರ ತಾಯಿ ಆದ್ರೆ ಬಾಯಿ ಮಾತ್ರ ಬರುತ್ತಾ? ಹೊತ್ತಿರಲಿಲ್ವಂತೆ ಹೊತ್ತು!”

ಅತ್ತೆ ತಮ್ಮ ಮಣಿಕಟ್ಟನ್ನೇ ನೋಡಿಕೊಂಡರು. ಆ ದಿನ ಅವರಿಗೂ ನೆನಪಿತ್ತೆಂದು ಕಾಣುತ್ತದೆ. ನಾದಿನಿ ಊಟ ಮಾಡದೆ ಹೋದಳು, ಅತ್ತೆ ಸೊಸೆಯ ಕೈಯಿಂದ ನೀರು ಕೂಡ ಇಸಿದುಕೊಳ್ಳಲಿಲ್ಲ.

ವಿಚಾರಣೆ ನಡೆದದ್ದು ಮೇಲಿನ ಮಹಡಿಯ ತಣ್ಣಗಿನ ಕೋಣೆಯಲ್ಲಿ. ಉದ್ದನೆಯ ಮೇಜು, ಗಾಜಿನ ಲೋಟಗಳು, ಆ ಕಡೆ ಹಿರಿಯ ಡಾಕ್ಟರು, ಆಡಳಿತಾಧಿಕಾರಿ, ಆಸ್ಪತ್ರೆಯ ವಕೀಲ, ಮತ್ತೆ ಒಂದು ಖಾಲಿ ಕುರ್ಚಿ. ಅದರಲ್ಲಿ ಕೂರಬೇಕಾದ ಸದಸ್ಯ ಬಂದಿರಲಿಲ್ಲ, ಅವನ ಸಹಿ ಬಂದಿತ್ತು. ಈ ಕಡೆ ಇನ್‌ಚಾರ್ಜ್, ನಾದಿನಿ. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕಿರಿಯ ಸಿಸ್ಟರ್, ತೀರ್ಪು ಆಗಲೇ ಆಗಿಹೋದವಳ ಹಾಗೆ.

ಆಡಳಿತಾಧಿಕಾರಿ ವರದಿ ಓದತೊಡಗಿದ. ಸಮಿತಿಯ ಸದಸ್ಯರೆಲ್ಲ ಖುದ್ದಾಗಿ ವಾರ್ಡಿಗೆ ಭೇಟಿ ಕೊಟ್ಟು, ಹಾಸಿಗೆಗಳ ವ್ಯವಸ್ಥೆಯನ್ನೂ ರೋಗಿಯ ಹೇಳಿಕೆಯನ್ನೂ ವೆರಿಫೈ ಮಾಡಿದ್ದಾರೆ ಅಂತ ಮೊದಲನೇ ಸಾಲು. ಇಂಗ್ಲಿಷು ಗಡಗಡನೆ ಉರುಳುತ್ತಾ ಹೋಯಿತು. ಕೊನೆಗೆ ಕಿರಿಯಳ ಮೇಲೆ ಗೂಬೆ ಕೂರಿಸುವ ಸಾಲು ಬಂತು. ಓದಿ ಮುಗಿಸಿ, ಕಾಗದದಿಂದ ತಲೆಯೆತ್ತದೆ, ಪೆನ್ನನ್ನು ಮೇಜಿನ ಮೇಲೆ ಈ ಕಡೆಗೆ ಉರುಳಿಸಿ ಅವನು ಅಂದ. “ಕನ್ಫರ್ಮ್ ತಾನೇ ಸಿಸ್ಟರ್?”

ಆ ದನಿ! ಅದೇ ಕೌಂಟರಿನ ದನಿ. ಕಣ್ಣೆತ್ತಿ ನೋಡದ, ಜಾಗ ಬಿಟ್ಟು ಏಳದ ದನಿ. ಇಷ್ಟು ದಿನ ಫ್ಯಾನಿನ ಸದ್ದಿನ ಹಾಗೆ ಕೇಳಿದ್ದು ಅವತ್ತು ಅವಳ ಕಿವಿಗೆ ಕಾದ ಸೀಸದಂತೆ ಬಿತ್ತು.

ಅವಳು ಎದ್ದಳು. ಮೇಜನ್ನು ಬಳಸಿಕೊಂಡು ಆ ಕಡೆ ಹೋಗಿ ಅವನ ಕುರ್ಚಿಯ ಪಕ್ಕದಲ್ಲೇ ನಿಂತಳು. “ವಾರ್ಡಿಗೆ ಬಂದಿದ್ರಾ ಸಾರ್?”

“ಅಂದ್ರೆ?”

“ಎಲ್ಲರೂ ಬಂದು ನೋಡಿದ್ರು ಅಂತ ಓದಿದ್ರಲ್ಲ. ಆವತ್ತಿಂದ ನಾನು ವಾರ್ಡು ಬಿಟ್ಟು ಕದಲಿಲ್ಲ, ಒಂದು ದಿನ ರಜಾನೂ ಹಾಕಿಲ್ಲ. ಈ ಮೇಜಿನ ಹಿಂದೆ ಇರೋ ಒಬ್ಬರ ಮುಖಾನೂ ಅಲ್ಲಿ ಕಂಡಿಲ್ಲ. ಮೊಟ್ಟೆ ಅಂಗಡಿಯಮ್ಮ ಯಂತ್ರಕ್ಕೆ ಕಟ್ಟಿಸ್ಕೊಂಡು ಮಲಗಿದಾಳೆ, ಅವಳ ಹತ್ರ ಯಾರು ಹೋಗಿದ್ರಿ? ಅವಳ ಹೇಳಿಕೆ ಏನು?”

“ಸಿಸ್ಟರ್, ಅದು ರಿಪೋರ್ಟಿನ ಫಾರ್ಮ್ಯಾಟು. ವೆರಿಫೈಡ್ ಅಂದ್ರೆ ಪ್ರೊಸೀಜರ್ ಪ್ರಕಾರ...”

“ಮನೆಮಾತಲ್ಲಿ ಹೇಳಿ ಸಾರ್.” ಅವಳ ದನಿ ಏರಿತು. “ನಿಮ್ಮ ಅಮ್ಮನ ಹತ್ರ ಮಾತಾಡ್ತೀರಲ್ಲ, ಹಾಗೆ ಹೇಳಿ. ‘ನಾನು ಹೋಗಿದ್ದೆ, ನನ್ನ ಕಣ್ಣಾರೆ ನೋಡಿದೆ’ ಅಂತ. ಇಷ್ಟೇ. ನೀವು ಹೇಳಿದ ತಕ್ಷಣ ನಾನು ಸಹಿ ಹಾಕ್ತೀನಿ. ಆ ಖಾಲಿ ಕುರ್ಚಿಯವರೂ ಫೋನಲ್ಲಿ ಹೇಳಿದ್ರೆ ಸಾಕು.”

ಯಾರೂ ಹೇಳಲಿಲ್ಲ. ವಕೀಲ ಕನ್ನಡಕ ತೆಗೆದು ಒರೆಸಿಕೊಂಡ. ಹಿರಿಯ ಡಾಕ್ಟರು ಲೋಟದ ನೀರನ್ನು ನೋಡಿದರು. ಇಡೀ ಜನ್ಮ ಇಂಗ್ಲಿಷು ಉರುಳಿಸಿದ ಬಾಯಿಗಳು, ಎಳೆ ಮಕ್ಕಳಿಗೂ ಬರುವ ಒಂದು ವಾಕ್ಯ ಆಡಲಾರದೆ ಕೂತಿದ್ದವು.

ಅವಳು ನಾದಿನಿಯ ಕಡೆ ತಿರುಗಿದಳು. “ನೀನು ಹೇಳೇ. ‘ನಾನು ಹಾಸಿಗೆ ಹತ್ರ ಹೋದೆ, ಅವಳ ಕೈ ಹಿಡ್ಕೊಂಡು ಪಟ್ಟಿ ಓದ್ದೆ’ ಅಂತ ಒಂದೇ ಒಂದು ಸಲ ಹೇಳು. ಹೇಳಿಬಿಟ್ರೆ ಈ ಕಾಗದಕ್ಕೆ ಸಹಿ ಹಾಕಿ, ನಿನ್ನ ಕರ್ಕೊಂಡು ಮನೆಗೆ ಹೋಗ್ತೀನಿ. ಅಮ್ಮ ಕಾಯ್ತಿದಾರೆ.”

ನಾದಿನಿ ಎದ್ದು ನಿಂತಳು. “ನಾನು ಹಾಸಿಗೆ ಹತ್ರ...” ಅಂದಳು. ಅಲ್ಲಿಗೆ ನಿಂತಿತು. ಇನ್ನೊಂದು ಸಲ ಶುರು ಮಾಡಿದಳು. “ನಾನು...” ಕಣ್ಣು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿತ್ತು. ದಪ್ಪ ದಪ್ಪ ಹನಿ ಉದುರಿದವು. “ಹೋಗ್ಲಿಲ್ಲ ಅತ್ತಿಗೆ. ನಾನು ಹೋಗ್ಲೇ ಇಲ್ಲ. ಕೂತಲ್ಲಿಂದ ಕೂಗ್ದೆ. ಅವಳು ಬೇರೆ ಚೀಲ ತರಲಿಲ್ಲ, ಕಿಟಕಿ ಬೆಡ್ಡು ಅಂತ ಹೇಳಿದ್ದೂ ನಾನೇ.”

“ಬರ್ಕೊಳ್ಳಿ,” ಅಂದಳು ಇನ್‌ಚಾರ್ಜ್ ಆಡಳಿತಾಧಿಕಾರಿಗೆ. “ನಂದೂ ಬರ್ಕೊಳ್ಳಿ. ಹಾಸಿಗೆ ಅದಲು ಬದಲು ಮಾಡ್ಸಿದ್ದು ನಾನು, ಅದನ್ನ ಎಲ್ಲರಿಗೂ ಕೂಗಿ ಹೇಳದೆ ಮೀಟಿಂಗಿಗೆ ಹತ್ತಿ ಬಂದವಳೂ ನಾನು. ಕೌಂಟರಿಂದ ಕೂಗೋದನ್ನ ತಿಂಗಳುಗಟ್ಲೆ ಕೇಳಿಸ್ಕೊಂಡು ಸುಮ್ನಿದ್ದವಳೂ ನಾನೇ. ಈ ಹುಡುಗಿ ಪಟ್ಟಿ ಓದ್ಲಿಲ್ಲ, ಅದು ಅವಳ ತಪ್ಪು, ಅಷ್ಟು ಮಾತ್ರ ಅವಳ ತಲೆ ಮೇಲಿಡಿ. ಮಿಕ್ಕಿದ್ದು ನಮ್ಮದು. ಇಬ್ಬರು ಮಾಡೋ ಕೆಲಸಾನ ಒಬ್ಬಳ ಕೈಲಿ ಮಾಡಿಸ್ತಿರೋರು ಯಾರು ಅಂತಾನೂ ಬರೀರಿ. ಇಂಗ್ಲಿಷು ಬೇಡ. ನಂಗೆ ಅರ್ಥ ಆಗೋ ಹಾಗೆ ಬರೀರಿ, ಓದಿ ಸಹಿ ಹಾಕ್ತೀನಿ.”

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಹಾಗೇ ಆಯಿತು. ಸುಳ್ಳು ವರದಿ ಕೋರ್ಟಿನಲ್ಲಿ ನಿಲ್ಲದು ಅಂತ ವಕೀಲನಿಗೆ ಭಯ ಹತ್ತಿದ್ದರಿಂದ ವರದಿ ಬದಲಾಯಿತು. ಕಿರಿಯಳಿಗೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ನಾದಿನಿಗೆ ಅಮಾನತು. ಇನ್‌ಚಾರ್ಜನ್ನು ವಾರ್ಡಿನಿಂದ ಎತ್ತಿ ನೆಲಮಾಳಿಗೆಯ ಬಟ್ಟೆ ಸ್ಟೋರಿಗೆ ಹಾಕಿದರು. ಜೀವಮಾನವೆಲ್ಲ ರೋಗಿಗಳ ನಾಡಿ ಹಿಡಿದ ಕೈ ಬೆಡ್‌ಶೀಟ್, ದಿಂಬಿನ ಚೀಲ ಎಣಿಸಿ ಕೊಡತೊಡಗಿತು. ಇಬ್ಬರು ಮಾಡುವ ಕೆಲಸವನ್ನು ಒಬ್ಬಳಿಂದ ಮಾಡಿಸಿದವರ ಹೆಸರು ಎಲ್ಲಿಯೂ ಬರಲಿಲ್ಲ. ಗುಣಮಟ್ಟದ ತಪಾಸಣೆಯವರು ಬಂದು, ಟೀ ಕುಡಿದು, ಸರ್ಟಿಫೈ ಮಾಡಿ ಹೋದರು.

ಮೊಟ್ಟೆ ಅಂಗಡಿಯವಳು ಒಂದು ಮಟ್ಟಿಗೆ ಗುಣವಾಗಿ ಮನೆಗೆ ಹೋದಳು. ಅಂಗಡಿಯಲ್ಲಿ ಈಗ ತಮ್ಮ ಕೂರುತ್ತಾನಂತೆ, ಅವಳಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಅದನ್ನು ಕೇಳಿದ ದಿನ ಸ್ಟೋರಿನಲ್ಲಿ ಬಟ್ಟೆ ಗಂಟೊಂದನ್ನು ಕನ್ಫರ್ಮ್ ಸಿಸ್ಟರ್ ಗೋಡೆಗೆ ಎಸೆದಳು ಅಂತ ಅಲ್ಲಿನ ಆಯಾ ಹೇಳುತ್ತಾಳೆ.

ಮನೆಯಲ್ಲಿ ಅತ್ತೆ ಬಹಳ ಕಾಲ ಮಾತು ಬಿಟ್ಟಿದ್ದರು. ಬೀಗ ಹಾಕುವಾಗ ಗ್ಯಾಸ್ ಬಗ್ಗೆ ಕೇಳಿದರೆ ಮಾತ್ರ, ಆ ಮುದುಕಿ ಕೋಲೂರಿಕೊಂಡು ನೋವಿನ ಸೊಂಟ ಎಳೆದುಕೊಂಡು ಅಡುಗೆಮನೆಗೆ ಹೋಗಿ, ಒಲೆಯ ತಿರುಗುಣಿ ಮುಟ್ಟಿ ನೋಡಿ ಬಂದು, ಸೊಸೆಯ ಮುಖ ನೋಡದೆ ತಲೆಯಾಡಿಸುತ್ತಿದ್ದರು. ಕನ್‌ಪಾರಂ ಅನ್ನುವುದು ಆ ಮನೆಯಲ್ಲಿ ನಿಂತುಹೋಯಿತು.

ನಾದಿನಿ ಅಮಾನತು ಮುಗಿಸಿ ಅದೇ ವಾರ್ಡಿಗೆ ಬಂದಿದ್ದಳು, ಹೊಸ ಇನ್‌ಚಾರ್ಜಿನ ಕೈಕೆಳಗೆ. ಅತ್ತಿಗೆಯ ಜೊತೆ ಮಾತಿರಲಿಲ್ಲ. ಒಂದು ಮಧ್ಯಾಹ್ನ ಕನ್ಫರ್ಮ್ ಸಿಸ್ಟರ್ ಒಗೆದ ಬೆಡ್‌ಶೀಟುಗಳ ಗಾಡಿ ತಳ್ಳಿಕೊಂಡು ಆ ವಾರ್ಡಿನ ಹೊರಗೆ ಹೋಗುತ್ತಿದ್ದಳು. ಒಳಗಿನಿಂದ ದನಿ ಕೇಳಿಸಿತು. ಯಾರೋ ರಕ್ತದ ಚೀಲದ ಮೇಲಿನ ಹೆಸರು ಓದುತ್ತಿದ್ದರು, ಗುಂಪು, ನಂಬರು. ಆ ಕಿರಿಯಳದ್ದೇ ದನಿ. ಗಾಡಿ ತಾನಾಗಿ ನಿಂತಿತು. ಹಲ್ಲು ಕಚ್ಚಿಕೊಂಡು, ಕೌಂಟರಿನಿಂದ ಬರುವ ಕೂಗಿಗಾಗಿ ಅವಳು ಕಾದಳು. ಕೂಗಿದರೆ ಒಳಗೆ ನುಗ್ಗುವುದು ಗ್ಯಾರಂಟಿಯಿತ್ತು, ಬಟ್ಟೆ ಸ್ಟೋರಿನ ಕೆಲಸವೂ ಹೋದರೆ ಹೋಗಲಿ.

ಕೂಗು ಬರಲಿಲ್ಲ. ಕೌಂಟರಿನ ಹಿಂದಿನಿಂದ ಕುರ್ಚಿ ಸರಿದ ಸದ್ದು ಬಂತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅದರ ನಡುವೆ ಉದ್ದನೆಯ ವಾರ್ಡನ್ನು ದಾಟಿ ಹೋಗುವ ಚಪ್ಪಲಿಯ ಸದ್ದು. ಆಮೇಲೆ ನಾದಿನಿಯ ದನಿ. “ಅಮ್ಮಾ, ಸ್ವಲ್ಪ ಕೈ ಕೊಡಿ. ನಿಮ್ಮ ಹೆಸರೇನು, ನೀವೇ ಒಂದು ಸಲ ಹೇಳಿ.”

ಹೊರಗೆ ನಿಂತವಳ ಕಣ್ಣು ತುಂಬಿತು, ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ. “ಆವತ್ತು ಎಲ್ಲಿಗೆ ಹೋಗಿತ್ತೇ ಮಹಾರಾಯ್ತಿ ಈ ಕಾಲು?” ಅಂತ ಬೆಡ್‌ಶೀಟಿನ ಗಂಟಿಗೆ ಬೈದು, ಗಾಡಿಯನ್ನು ಜೋರಾಗಿ ತಳ್ಳಿಕೊಂಡು ಹೋದಳು.